ಗಣಿಯ ಬಾಯಲ್ಲಿ ನಿಂತ ಹೇಸರಗತ್ತೆ

ನೆವಾಡಾದ ಗುಡ್ಡದಲ್ಲಿ ಮೊದಲ ಹಿಮ ಬೀಳುವ ಮುಂಚೆ ನಮ್ಮ ಮನೆಯ ಬಾಗಿಲು, ಕಿಟಕಿಗಳನ್ನು ಕಿತ್ತು ಗಾಡಿಗೆ ಹೇರಿದೆವು. ನಾವು ಬಂದಾಗ ಮೂರು ಸಾವಿರ ಜನರಿದ್ದ ಊರು. ಗಣಿಯ ಬೆಳ್ಳಿ ಮುಗಿದ ಮೇಲೆ ಉಳಿದದ್ದು ನಾನು, ಹೆಂಡತಿ ಲವ್‌ಡೇ, ಗಣಿಯಲ್ಲಿ ಬಂಡಿ ಎಳೆದಿದ್ದ ಹೇಸರಗತ್ತೆ ಟ್ಯಾನ್ಸಿ.

ಟ್ಯಾನ್ಸಿಯನ್ನು ನಡೆಸುತ್ತಿದ್ದವನು ಗಣಿಯಲ್ಲಿ ನನ್ನ ಜೊತೆಗಾರ ಡಿಗರಿ. ದಿನಾ ಗಣಿಯ ಬಾಯಲ್ಲಿ ಹೊಗೆಸೊಪ್ಪಿನ ಉಂಡೆ ಕಚ್ಚಿ, ಅರ್ಧ ತಾನು ಅಗಿದು ಅರ್ಧ ಅದಕ್ಕೆ ಕೊಡುತ್ತಿದ್ದ. ಕೊಡದೆ ಅದು ಅಲ್ಲಿಂದ ಕದಲುತ್ತಿರಲಿಲ್ಲ. ವಸಂತದಲ್ಲೊಂದು ದಿನ, "ಇವತ್ತು ನನ್ನ ಪಾಳೀನೂ ನೀನೇ ಮಾಡು ಮಾರಾಯ, ಒಂದಿಡೀ ಉಂಡೆ ಕೊಡಿಸ್ತೀನಿ," ಎಂದಿದ್ದೆ.

"ನೀನಾ? ಕೊಟ್ಟಾಗ ನೋಡೋಣ," ಎಂದು ನಕ್ಕು ಇಳಿದ. ನನ್ನ ಪಾಳಿಯ ಹೊತ್ತಿನಲ್ಲೇ ಗಣಿ ಕುಸಿಯಿತು. ಟ್ಯಾನ್ಸಿ ಹೇಗೋ ಹೊರಬಂತು, ಅವನು ಬರಲಿಲ್ಲ.

ನಾವು ಊರು ಬಿಟ್ಟ ದಿನ ಮಧ್ಯಾಹ್ನದ ಹೊತ್ತಿಗೆ, ಗಾಡಿ ಎಳೆಯುತ್ತಿದ್ದ ಟ್ಯಾನ್ಸಿ ಗಣಿಯ ಬಾಯಲ್ಲಿ ಅದೇ ಜಾಗದಲ್ಲಿ ನಿಂತುಬಿಟ್ಟಿತು. ಹಿಮದ ಮೋಡ ಕವಿಯುತ್ತಿತ್ತು. ನಮ್ಮ ಹತ್ತಿರ ಹೊಗೆಸೊಪ್ಪಿರಲಿಲ್ಲ.

"ಎರಡು ಬಿಡ್ರೀ ಅದಕ್ಕೆ! ಇಲ್ಲೇ ಸೆಟೆದು ಸಾಯ್ಬೇಕಾ?" ಎಂದಳು ಲವ್‌ಡೇ.

"ಹೊಡೆದ್ರೆ ಕೂತೇ ಬಿಡುತ್ತೆ ಕಣೇ."

ಗಣಿಯ ಬಾಯಿಗೆ ಅಡ್ಡ ಹೊಡೆದಿದ್ದ ಹಲಗೆಗಳ ಸಂದಿಯಲ್ಲಿ ಟ್ಯಾನ್ಸಿ ಮೂತಿ ತೂರಿಸಿತು. ಒಳಗಿನಿಂದ ಬೆಚ್ಚನೆಯ ಗಾಳಿ ಬಂತು. ಮೂತಿ ಹೊರಗೆಳೆದಾಗ ಅದು ಏನನ್ನೋ ಅಗಿಯುತ್ತಿತ್ತು. ತುಟಿಯಿಂದ ಜಾರಿದ ಚೂರನ್ನು ಎತ್ತಿಕೊಂಡೆ: ಹೊಸ ಹೊಗೆಸೊಪ್ಪು, ಅಂಚಿನಲ್ಲಿ ಮನುಷ್ಯನ ಹಲ್ಲಿನ ಗುರುತು.

"ಏನ್ರೀ ಅದು?"

"ಹುಲ್ಲು," ಎಂದೆ.

ಟ್ಯಾನ್ಸಿ ತಾನಾಗಿ ನಡೆಯಿತು. ಕೆಳಗಿನ ಊರಿನಲ್ಲಿ ನಾನು ಮೊದಲು ಕೊಂಡದ್ದೇ ಒಂದಿಡೀ ಉಂಡೆ. ಹನ್ನೊಂದು ವರ್ಷದಿಂದ ಅದು ಗೋಡೆಯ ಗೂಡಿನಲ್ಲೇ ಇದೆ. ಮುಂದೆ ಹಿಡಿದರೂ ಟ್ಯಾನ್ಸಿ ಅದನ್ನು ಮೂಸುವುದೂ ಇಲ್ಲ. ನಾನು ಮತ್ತೆ ಆ ಗುಡ್ಡ ಹತ್ತಲೂ ಇಲ್ಲ.