ಮನೆಯಲ್ಲಿ ಹಾಡದ ಡಾಕ್ಟ್ರು

"ಮುತ್ತಜ್ಜ ಯಾರಿಗೆ ಮುತ್ತಜ್ಜ? ನನಗಾ, ಅವಳಿಗಾ?"

ಮಾನ್ಯಾ ಸ್ಕೂಲ್ ಬ್ಯಾಗನ್ನು ಸೋಫಾದ ಮೇಲೆ ಎಸೆದು ಜೋರಾಗಿ ಕೇಳಿದಳು. ಹಾಲ್‌ನಲ್ಲಿ ಯಾರೂ ಇರಲಿಲ್ಲ. ಗೋಡೆಯ ಫೋಟೋದೊಳಗಿಂದ ಮುತ್ತಜ್ಜ ಮಹಾಬಲಯ್ಯ ಡಾಕ್ಟ್ರು ಸುಮ್ಮನೆ ನೋಡುತ್ತಿದ್ದರು. ಶಿಕಾರಿಪುರದಲ್ಲಿ ಡಾಕ್ಟರೇ ಅಪರೂಪವಾಗಿದ್ದ ಕಾಲದವರು ಅವರು.

ಒಳಗಿನಿಂದ ಅಜ್ಜಿ ಶಕುಂತಲಮ್ಮ ಬಂದರು. ಆ ಡಾಕ್ಟರ ಮಗಳು ಅವರೇ.

"ಯಾರ ಮೇಲೆ ಸಿಟ್ಟೇ?"

"ನಮ್ಮ ಕ್ಲಾಸಿನ ನಾಗವೇಣಿ ಮೇಲೆ! ಊರ ಹಿರಿಯರ ನೆನಪಿನ ದಿನಕ್ಕೆ ಸ್ಕೂಲಲ್ಲಿ ಮುತ್ತಜ್ಜನ ಬಗ್ಗೆ ಸ್ಪೀಚ್ ಮಾಡೋದು ಅವಳಂತೆ. ನಾನು ಎಲ್ಲಾ ಹೇಳ್ದೆ ಅಜ್ಜಿ. ಸೊರಬದ ಕುಬಟೂರಲ್ಲಿ ಹುಟ್ಟಿದ್ದು, ಮನೆತನದಲ್ಲೇ ಮೊದಲು ಡಾಕ್ಟರ್ ಆಗಿದ್ದು, ಇಲ್ಲಿ ದವಾಖಾನೆ ಇಟ್ಟಿದ್ದು. ಮಿಸ್ 'ಗುಡ್' ಅಂದ್ರು, ಅಷ್ಟೇ. ಅವಳು ಏನೋ ಕತೆ ಹೇಳಿದ್ಲು. ಎಲ್ಲರೂ ಚಪ್ಪಾಳೆ! ಈಗ ಫೋಟೋ ನೋಡೋಕೆ ಇಲ್ಲಿಗೇ ಬರ್ತಾಳಂತೆ, ಮಹಾರಾಣಿ."

"ಬರಲಿ ಬಿಡು," ಎಂದು ಅಜ್ಜಿ ಟೀ ಇಡಲು ಹೋದರು.

ಮಾನ್ಯಾ ಸ್ಟೂಲ್ ಹತ್ತಿ ಫೋಟೋ ಇಳಿಸಿ ಸೋಫಾದ ಹಿಂದೆ ತಳ್ಳಿದಳು.

ನಾಗವೇಣಿ ಬಂದಳು. ಕೈಯಲ್ಲಿ ಒಂದು ಚೀಲ ಮೆಕ್ಕೆಜೋಳದ ತೆನೆ.

"ನಮ್ಮಜ್ಜ ಕೊಟ್ಟಿದ್ದು, ಅಜ್ಜಿ. ತಾಳಗುಂದದ ಹೊಲದ್ದು. ಫೋಟೋ ಎಲ್ಲೈತ್ರಿ?"

ಅಜ್ಜಿ ಖಾಲಿ ಗೋಡೆ ನೋಡಿದರು. ಆಮೇಲೆ ಮಾನ್ಯಾಳನ್ನು ನೋಡಿದರು.

"ಅದು... ಗಾಜು ಒರೆಸೋಕೆ ತೆಗ್ದಿದ್ದೆ," ಎಂದು ಮಾನ್ಯಾ ಕೆಂಪು ಮುಖ ಮಾಡಿಕೊಂಡು ಫೋಟೋ ಎಳೆದುಕೊಟ್ಟಳು.

"ಸೋಫಾ ಹಿಂದೆ ಕೂತು ಒರೆಸ್ತೀಯೇನೇ?" ಎಂದು ನಾಗವೇಣಿ ನಕ್ಕಳು.

ಅಜ್ಜಿಯೂ ನಕ್ಕು, ತೆನೆಯ ಸಿಪ್ಪೆ ಸುಲಿಯುತ್ತ ಕುಳಿತರು. "ಅದೇನು ಕತೆ ಹೇಳಿದ್ದು ಮಗಾ, ನಂಗೂ ಹೇಳು."

"ನಮ್ಮಜ್ಜ ಹುಡುಗ ಇದ್ದಾಗ ಕಾಲಿಗೆ ಕುಡುಗೋಲು ಬಿದ್ದಿತ್ತಂತ್ರಿ. ಡಾಕ್ಟ್ರು ಸೈಕಲ್ ಮೇಲೆ ಬಂದ್ರಂತೆ. ಅಜ್ಜ ಒಂದೇ ಸಮ ಅರಚಾಟ. ಆಗ ಡಾಕ್ಟ್ರು ಪದ್ಯ ಹಾಡೋಕೆ ಶುರು ಮಾಡಿದ್ರಂತೆ. ಸೂಜಿ ಚುಚ್ಚುವಾಗ ರಾಗ ಏರಿಸೋದು, ದಾರ ಎಳೆಯುವಾಗ ಇಳಿಸೋದು. ಪದ್ಯ ಮುಗಿಯೋದ್ರಾಗೆ ಹೊಲಿಗೆನೂ ಮುಗೀತು!"

ಅಜ್ಜಿಯ ಕೈ ನಿಂತಿತು. "ಅಪ್ಪಯ್ಯ ಹಾಡ್ತಿದ್ರಾ?"

"ಹೂಂ. ಡಾಕ್ಟ್ರ ಅಮ್ಮ ಮಜ್ಜಿಗೆ ಕಡೀತಾ ಹಾಡ್ತಿದ್ದ ಪದ್ಯ ಅಂತೆ. ಅಜ್ಜ ನಂಗೂ ಕಲಿಸ್ಯಾರೆ."

ನಾಗವೇಣಿ ಮೆಲ್ಲಗೆ ಗುನುಗಿದಳು. ರಾಗ ಏರಿತು, ಒಂದಿಷ್ಟು ನಿಂತಿತು, ಇಳಿಯಿತು.

"ನಮ್ಮನೇಲಿ ಒಂದಿನಾನೂ ಹಾಡ್ಲಿಲ್ಲ," ಎಂದರು ಅಜ್ಜಿ. "ಬರೋರು, ಸೈಕಲ್ ಒರಗಿಸೋರು, ಉಂಡು ಮಲಗೋರು. ನಂಗೆ ಜ್ವರ ಬಂದಾಗ್ಲೂ ಮಾತ್ರೆ ಕೊಟ್ರು. ಅಷ್ಟೇ."

ನಾಗವೇಣಿ ನೀರು ಕುಡಿಯಲು ಅಡುಗೆಮನೆಗೆ ಹೋದಳು. ಅಜ್ಜಿ ತುಟಿ ಬಿಗಿಹಿಡಿದು, ಆಗಲೇ ಸುಲಿದಿದ್ದ ತೆನೆಯನ್ನೇ ಮತ್ತೆ ಮತ್ತೆ ಕೆರೆಯುತ್ತಿದ್ದರು. ಮಾನ್ಯಾ ನೋಡಿದಳು. ಕ್ಲಾಸಿನಲ್ಲಿ ನಾಗವೇಣಿಗೆ ಚಪ್ಪಾಳೆ ಬಿದ್ದಾಗ ತನ್ನ ತುಟಿಯೂ ಹೀಗೇ ಬಿಗಿದಿತ್ತು. ತಾನೂ ಹೀಗೇ ರಬ್ಬರನ್ನು ಚೂರುಚೂರು ಮಾಡಿದ್ದಳು.

ಇಷ್ಟು ದೊಡ್ಡವರಿಗೂ ಹೀಗಾಗುತ್ತದೆಯೇ?

ಅಜ್ಜಿ ಮಾನ್ಯಾಳ ಕಿವಿಯ ಬಳಿ ಬಗ್ಗಿದರು.

"ಸ್ಪೀಚಲ್ಲಿ ಆ ಹಾಡಿನ ಮಾತು ಬೇಡ ಅಂತ ನೀನೇ ಹೇಳೇ ಅವಳಿಗೆ. ಮಗಳಾಗಿ ನಂಗೇ ಗೊತ್ತಿಲ್ಲದ್ದು, ಊರಿಗೆಲ್ಲ ಯಾಕೆ?"

ಒಂದು ಗಂಟೆ ಹಿಂದೆ ಈ ಮಾತು ಕೇಳಿದ್ದರೆ ಮಾನ್ಯಾ ಕುಣಿದಾಡುತ್ತಿದ್ದಳು. ಈಗ ಅಜ್ಜಿಗೆ ಒತ್ತಿಕೊಂಡು ಕುಳಿತು, ಅವರ ಕೈಯಿಂದ ತೆನೆ ಬಿಡಿಸಿಕೊಂಡಳು.

"ಇಲ್ಲ ಅಜ್ಜಿ," ಎಂದಳು. "ಬೇಡ ಅಂತ ನಾನು ಹೇಳಲ್ಲ. ಆ ಹಾಡು ಸ್ಪೀಚಲ್ಲಿ ಇರ್ಲಿ."