ಖಾಲಿ ಹಾಳೆಯ ಮೇಲಿನ ಸಹಿ

"ನನ್ನ ಹೆಸರಿನ ಮುಂದ 'ಇಲ್ಲ' ಅಂತ ಬರದಾಕಿ ಯಾರ್ರೀ?"

ಬಾಗಿಲಲ್ಲಿ ನಿಂತವನ ದನಿಗೆ ಗಂಗಾಂಬಿಕಾಳ ಕೈಯಿಂದ ಪೆನ್ನು ಜಾರಿ ಬಿತ್ತು.

ತಲೆಯಿಂದ ಕಾಲಿನವರೆಗೆ ಕೆಂಪು ಧೂಳು, ಕಣ್ಣಲ್ಲಿ ಸಿಟ್ಟು. ಕುಡ್ಲಿಗಿಯಿಂದ ಹಗರಿಬೊಮ್ಮನಹಳ್ಳಿಯವರೆಗೆ ಬೈಕನ್ನು ಎಲ್ಲೂ ನಿಲ್ಲಿಸದೆ ಬಂದಿದ್ದಾನೆಂಬುದು ನೋಡಿದರೇ ತಿಳಿಯುತ್ತಿತ್ತು.

ಅವಳು ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಅಯ್ಯೋ... ಇವನು ಇಲ್ಲಿ ಕೂಗಾಡಿದರೆ? ಮ್ಯಾನೇಜರು ಇವತ್ತೇ ಮನೆಗೆ ಕಳಿಸಿಬಿಟ್ಟರೆ?

"ನಾ... ನಾನೇರಿ," ಎಂದಳು.

"ನಾನು ಅರುಣಕುಮಾರ್, ಕುಡ್ಲಿಗಿ ಏಜೆಂಟ್. ನಿನ್ನೆ ಒಂದು ತಾಸು ಕಂಪ್ಯೂಟರ್ ಮುಂದ ಅಲುಗಾಡದಂಗ ಕೂತೀನಿ. ಕಡೀಕ ಕರೆಂಟ್ ಹೋದ್ರ ಅದು ನನ್ನ ತಪ್ಪೇನ್ರಿ?"

ಅವಳು ಹಾಜರಿ ಹಾಳೆಯನ್ನು ಅವನ ಕಡೆ ತಿರುಗಿಸಿದಳು.

"ಹತ್ತಕ್ಕ ಬಂದ್ರಿ, ಹನ್ನೊಂದಕ್ಕ ಎರಡು ನಿಮಿಷ ಇದ್ದಾಗ ಹೋದ್ರಿ. ಹೆಸರು ಕೂಗಿದಾಗ ನೀವಿರ್ಲಿಲ್ಲ. ಇದ್ದದ್ದು ಇದ್ದಂಗ ಬರದೀನ್ರಿ. ನೋಡ್ರಿ, ಪಕ್ಕದಾಗ 'ಕರೆಂಟ್ ಹೋಗಿರಬಹುದು' ಅಂತನೂ ಬರದೀನಿ..."

ಅವನು ಬಗ್ಗಿ ಓದಿದ. ಮತ್ತೊಮ್ಮೆ ಓದಿದ. ಮುಖದ ಬಿಗಿ ನಿಧಾನವಾಗಿ ಸಡಿಲವಾಯಿತು.

"ಊರಿಗೆಲ್ಲ ಸೋಲಾರ್ ದೀಪ ಮಾರೋವ್ನ ಅಂಗಡ್ಯಾಗ ಕರೆಂಟಿಲ್ಲ!" ಎಂದು ತಾನೇ ನಕ್ಕುಬಿಟ್ಟ. "ತಪ್ಪಾತ್ರಿ. ಜೋರು ಮಾಡಬಾರದಿತ್ತು. ಬರೋ ಸೋಮವಾರ ನೋಡ್ರಿ, ಕಂಪ್ಯೂಟರಿಗೇ ಸೋಲಾರ್ ಹಾಕಸ್ತೀನಿ."

ಅವನು ಹೋದ ಮೇಲೂ ಅವಳ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಹೆದರಿಕೆಯೋ, ಬೇರೇನೋ... ಅವಳಿಗೇ ತಿಳಿಯಲಿಲ್ಲ.

ಅದು ಎರಡು ಸಾವಿರದ ಎಂಟನೇ ಇಸವಿ. ಈ ಸೀಮೆಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಬೆಳ್ಳಿಚುಕ್ಕಿ ಸೋಲಾರ್ ಎಂಬ ಕಂಪನಿ ಹುಬ್ಬಳ್ಳಿಯಿಂದಲೇ ಎಲ್ಲಾ ಸೀಮೆಯ ಏಜೆಂಟರಿಗೂ ಪ್ರತಿ ಸೋಮವಾರ ಹತ್ತು ಗಂಟೆಗೆ ಆನ್‌ಲೈನ್ ಮೀಟಿಂಗ್ ನಡೆಸುತ್ತಿತ್ತು. ಕುಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ... ಈ ಸೀಮೆಯ ಐದೂ ಊರಿನ ಏಜೆಂಟರು ತಂತಮ್ಮ ಅಂಗಡಿಯಲ್ಲೇ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಪರದೆಯ ಮೇಲೆ ಅವರ ಹೆಸರಿನ ಪಕ್ಕ ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತಿತ್ತು.

ಆದರೆ ಕುರ್ಚಿಯಲ್ಲಿ ಮನುಷ್ಯ ಇದ್ದಾನೋ ಇಲ್ಲವೋ, ಹಸಿರು ಚುಕ್ಕೆಗೇನು ಗೊತ್ತು?

ಅದನ್ನು ಕಂಡುಹಿಡಿಯುವುದೇ ಹಗರಿಬೊಮ್ಮನಹಳ್ಳಿ ಆಫೀಸಿನಲ್ಲಿ ಗಂಗಾಂಬಿಕಾಳ ಕೆಲಸ. ಹನ್ನೊಂದಕ್ಕೆ ಹುಬ್ಬಳ್ಳಿಯ ದೊಡ್ಡ ಮೇಡಂ ಮಾತು ಮುಗಿಸಿ ಹೋಗುತ್ತಿದ್ದರು. ಆಮೇಲೆ ಐದು ಜನ ಏಜೆಂಟರು ಮತ್ತು ಇವಳು ಮಾತ್ರ. ಒಬ್ಬೊಬ್ಬರ ಹೆಸರು ಕೂಗಿ, ಇವತ್ತು ಮೇಡಂ ಏನು ಹೇಳಿದರೆಂದು ಕೇಳಬೇಕು. ಉತ್ತರ ಕೊಟ್ಟವರು 'ಇದ್ದಾರೆ'. ಕೊಡದವರು 'ಇಲ್ಲ'. ಹಾಳೆಗೆ ಸಹಿ ಮಾಡಿ ಫ್ಯಾಕ್ಸ್ ಮಾಡಬೇಕು. ಸತತ ಮೂರು ಸೋಮವಾರ 'ಇಲ್ಲ' ಅಂತಾದರೆ ಏಜೆನ್ಸಿಯೇ ರದ್ದು!

ಕೊಟ್ಟೂರಿನ ಮನೆಯಲ್ಲಿ ಅವಳೂ ಅವ್ವ ಕೊಟ್ರಬಸಮ್ಮನೂ ಇಬ್ಬರೇ. ಅವ್ವನ ಹೊಲಿಗೆ ಮಿಷನ್ನಿನ ಜೊತೆಗೆ ಈ ಕೆಲಸವೇ ಮನೆಗೆ ಆಸರೆ. ಅದಕ್ಕೇ ಅವಳಿಗೆ ಎಲ್ಲದಕ್ಕೂ ಭಯ.

ಅರುಣ ಮಾತ್ರ ಹೇಳಿದಂತೆಯೇ ಅಂಗಡಿ ಮಾಡಿನ ಮೇಲೆ ಸೋಲಾರ್ ಹಾಕಿಸಿದ. ಒಂದು ಸೋಮವಾರವೂ ತಪ್ಪಿಸಲಿಲ್ಲ. ಉಳಿದವರೆಲ್ಲ ಹೋದ ಮೇಲೂ ಅವನ ಚುಕ್ಕೆ ಎರಡು ನಿಮಿಷ ಹೆಚ್ಚಿಗೆ ಉಳಿಯತೊಡಗಿತು.

"ಗುಡೇಕೋಟೆ ಹತ್ರ ಕುರಿ ಕಾಯೋರ ಮನಿಗೆ ದೀಪ ಹಾಕಿ ಬಂದೆ ಕಣ್ರಿ. ಆ ಮನಿ ಅಜ್ಜಿ ದೀಪ ಆರಿಸಾಕ ಬಿಡವಲ್ಲಳು! 'ಇದ್ದಂಗ ಇರ್ಲಿ, ಮೊಮ್ಮಕ್ಕಳ ಮುಖ ನೋಡ್ತೀನಿ' ಅಂತಾಳ."

ಅವಳಿಗೆ ನಗು ಬರುತ್ತಿತ್ತು. ಕಿವಿಯೊಳಗೇ ಬಂದು ಮಾತಾಡುವ ಆ ದನಿ ವಾರವಿಡೀ ಜೊತೆಗಿರುತ್ತಿತ್ತು. ಒಮ್ಮೆ ದೀಪ ಒಯ್ಯಲು ಬಂದವನು ಗುಡ್ಡದ ಸೀತಾಫಲ ತಂದು ಮೇಜಿನ ಮೇಲಿಟ್ಟು, ಏನೂ ಹೇಳದೆ ಹೋಗಿದ್ದ.

ಅದನ್ನು ಮ್ಯಾನೇಜರ್ ಓಬಳೇಶಪ್ಪ ನೋಡಿದ್ದ.

ಮರುದಿನ ಅವನು ಅವಳ ಕುರ್ಚಿಯ ಹಿಂದೆ ಬಂದು ನಿಂತ. "ಹರಪನಹಳ್ಳಿ ಜೋಗಪ್ಪನ ಹೆಸರಿನ ಮುಂದ ಮತ್ತ 'ಇಲ್ಲ' ಅಂತ ಬರದೀಯಲ್ಲ?"

"ಸರ್... ಅವರ ಚುಕ್ಕಿ ಇರ್ತೈತಿ, ಅವರು ಇರಂಗಿಲ್ರಿ. ಕೂಗಿದ್ರ ಓಗೊಡಂಗಿಲ್ಲ."

"ಅವ ನನ್ನ ಹೆಂಡ್ತಿ ತಮ್ಮ. ಬಾಗಳಿ ಊರಾಗಿನ ಹೊಲದಾಗ ಕೆಲಸ ಇರ್ತಾವ, ಹೋಗಿರ್ತಾನ." ಓಬಳೇಶಪ್ಪ ಮೂರು ಖಾಲಿ ಹಾಜರಿ ಹಾಳೆ ಅವಳ ಮುಂದೆ ಹರಡಿದ. "ಇನ್ನ ಮ್ಯಾಲ ನಾನ ತುಂಬ್ತೀನಿ. ನೀ ಸಹಿ ಹಾಕು, ಸಾಕು."

"ಖಾಲಿ ಹಾಳಿಗೇನ್ರಿ ಸರ್?"

ಅವನು ಬಗ್ಗಿ ಮೆಲ್ಲಗೆ ಹೇಳಿದ. "ಸೋಮವಾರ ಸೋಮವಾರ ಆ ಹುಡುಗನ ಜೋಡಿ ನೀ ನಗೋದು ನಂಗ ಗೊತ್ತಿಲ್ಲಂತ ತಿಳಕೊಂಡಿ? ಕೊಟ್ಟೂರಿನಾಗ ನಿಮ್ಮನಿ ಬಾಗ್ಲು ನೋಡೀನಿ ನಾನು. ಒಂದು ಮಾತು ಹಾರಿಸಿದ್ರ ಸಾಕು... ನಿಮ್ಮವ್ವ ಓಣ್ಯಾಗ ತಲಿ ಎತ್ತಿ ಓಡಾಡ್ತಾಳೇನು?"

ಅವಳು ಪೆನ್ನು ಹಿಡಿದಳು. ಒಂದು... ಎರಡು... ಮೂರು. ಮೂರೂ ಹಾಳೆಗೆ ಸಹಿ ಬಿತ್ತು.

'ಜೋಗಪ್ಪ ಇದ್ದಾನೆ ಅಂತ ಬರೆದುಕೊಳ್ಳುತ್ತಾನೆ, ಅಷ್ಟೇ ತಾನೇ...' ಎಂದು ತನಗೆ ತಾನೇ ಹೇಳಿಕೊಂಡಳು. ಮುಂದಿನ ಮೂರು ಸೋಮವಾರವೂ ಓಬಳೇಶಪ್ಪ ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತ. ಅವಳು ಹೆಸರು ಕೂಗುತ್ತಿದ್ದಳು, ಅರುಣ ಉತ್ತರ ಕೊಡುತ್ತಿದ್ದ. ಅವಳಿಂದ ಒಂದು ಮಾತು ಹೆಚ್ಚಿಗೆ ಬರುತ್ತಿರಲಿಲ್ಲ.

"ಯಾಕ್ರಿ, ಆರಾಮಿಲ್ಲೇನು?" ಎಂದು ಅವನು ಕೇಳಿದರೆ ಅವಳು ಸಂಪರ್ಕ ಕಡಿದುಬಿಡುತ್ತಿದ್ದಳು.

ನಾಲ್ಕನೇ ವಾರ, ಬುಧವಾರ ಮಧ್ಯಾಹ್ನ, ಆಫೀಸಿನ ಫೋನು ಹೊಡೆದುಕೊಂಡಿತು.

"ಗಂಗಾಂಬಿಕಾ ಅವರೇನ್ರಿ?"

ಅರುಣನ ದನಿ! ಆದರೆ ಅದರಲ್ಲಿ ನಗುವಿರಲಿಲ್ಲ.

"ಹುಬ್ಬಳ್ಳಿಯಿಂದ ಕಾಗದ ಬಂದೈತಿ. ಮೂರು ಸೋಮವಾರ ನಾನು ಗೈರುಹಾಜರಂತ. ಏಜೆನ್ಸಿ ತಗದಾರ. ಜೋಗಪ್ಪಗ ಕುಡ್ಲಿಗೀನೂ ಕೊಟ್ಟಾರ. ಹಾಜರಿ ಹಾಳಿನೂ ಜೋಡಿಸ್ಯಾರ... ಕೆಳಗ ನಿಮ್ಮ ಸಹಿ ಐತಿ."

"ಅದು... ಅದು..."

"ನೀವು ಹೆಸರು ಕೂಗಿದ್ರಿ. ನಾನು ಓಗೊಟ್ಟೆ. ಆಮ್ಯಾಲ ಇಲ್ಲಂತ ಸಹಿ ಹಾಕಿದ್ರಿ. ಬ್ಯಾರೆ ಯಾರು ಹಂಗ ಬರದಿದ್ರೂ ನಂಗ ಇಷ್ಟು ನೋವಾಗ್ತಿರ್ಲಿಲ್ರಿ."

ಎದುರಿಗೆ ಓಬಳೇಶಪ್ಪ ಅವಳನ್ನೇ ನೋಡುತ್ತಾ ಕೂತಿದ್ದ.

ಫೋನ್ ಕಟ್ಟಾಯಿತು.

ಆ ನಾಲ್ಕು ದಿನ ಅವಳು ಬದುಕಿದ್ದಳೆಂದಷ್ಟೇ ಹೇಳಬೇಕು. ಶುಕ್ರವಾರ ಸಂಜೆ ಕೊಟ್ಟೂರಿನಲ್ಲಿ ಬಸ್ಸಿಳಿದರೆ ಎದುರಿಗೇ ಓಬಳೇಶಪ್ಪನ ಜೀಪು! ಅವನು ಇಳಿಯಲಿಲ್ಲ, ಮಾತಾಡಲಿಲ್ಲ. ಅವಳು ನಡೆದಷ್ಟು ದೂರ ಜೀಪು ಹಿಂದೆಯೇ ನಿಧಾನವಾಗಿ ಬಂದು, ಓಣಿಯ ತುದಿಯಲ್ಲಿ ನಿಂತು, ತಿರುಗಿ ಹೋಯಿತು. ಬೆವರಿಗೆ ಸೀರೆ ಬೆನ್ನಿಗಂಟಿತ್ತು.

ಭಾನುವಾರ ಬೆಳಿಗ್ಗೆ ಕೊಟ್ರಬಸಮ್ಮ ಮಿಷನ್ ನಿಲ್ಲಿಸಿ ಮಗಳನ್ನು ನೋಡಿದಳು.

"ಪಕ್ಕದ ಮನಿಗೆ ಯಾರೋ ಫೋನ್ ಮಾಡಿದ್ರಂತ. ನಿನಗೂ ಕುಡ್ಲಿಗಿ ಹುಡುಗಗೂ ಏನೇನೋ ಐತಿ ಅಂದ್ರಂತ. ಖರೇನ?"

ಗಂಗಾಂಬಿಕಾ ಅಲ್ಲೇ ಕುಸಿದು ಕೂತಳು. ಯಾವುದಕ್ಕೆ ಹೆದರಿ ಸಹಿ ಹಾಕಿದ್ದಳೋ ಅದು ಆಗಿಯೇ ಹೋಗಿತ್ತು! ಅತ್ತು ಅತ್ತು ಎಲ್ಲವನ್ನೂ ಹೇಳಿದಳು.

ಅವ್ವ ಮಿಷನ್ ಬಿಟ್ಟೆದ್ದು ಮಗಳ ಪಕ್ಕ ಬಂದು ಕೂತಳು.

"ಒಬ್ಬ ಹುಡುಗನ ಜೋಡಿ ನಕ್ಕು ಮಾತಾಡಿದ್ದಕ್ಕ ನಾ ಹೆದರಂಗಿಲ್ಲವ್ವ. ಓಣಿಯವರು ನಾಕು ದಿನ ಮಾತಾಡ್ತಾರ, ಸುಮ್ಮನಾಗ್ತಾರ. ಖಾಲಿ ಹಾಳಿಗೆ ಸಹಿ ಹಾಕಿ ಬಂದೀಯಲ್ಲ... ಅದಕ್ಕ ಹೆದರ್ತೀನಿ. ಆ ಹುಡುಗನ ಅನ್ನ ಹೋತಲ್ಲೇ ಗಂಗಾ."

ಮರುದಿನ ಸೋಮವಾರ.

ಹತ್ತೂವರೆಗೆ ಓಬಳೇಶಪ್ಪ ಎದುರಿನ ಹೋಟೆಲಿಗೆ ಚಹಾ ಕುಡಿಯಲು ಎದ್ದ. ಕುಡ್ಲಿಗಿ ಏಜೆನ್ಸಿ ಭಾವಮೈದುನನ ಕೈಗೆ ಬಂದಾಗಿತ್ತು, ಅವಳನ್ನು ಕಾಯುವ ಅಗತ್ಯ ಅವನಿಗಿರಲಿಲ್ಲ. ಹುಬ್ಬಳ್ಳಿಯ ಮೇಡಂ ಹೊಸ ದೀಪದ ಬಗ್ಗೆ ಮಾತಾಡುತ್ತಿದ್ದರು. ಪರದೆಯಲ್ಲಿ ಎಲ್ಲಾ ಸೀಮೆಯ ಹೆಸರುಗಳಿದ್ದವು. ಅರುಣಕುಮಾರನ ಹೆಸರಿರಲಿಲ್ಲ.

ಅವಳು ಎದ್ದು ಬಾಗಿಲ ಚಿಲಕ ಹಾಕಿದಳು. ಹಿಂದಿರುಗಿ ಮಾತಾಡುವ ಗುಂಡಿ ಒತ್ತಿದಳು.

"ಮೇಡಂ... ನಾನು ಹಗರಿಬೊಮ್ಮನಹಳ್ಳಿ ಆಫೀಸಿನ ಗಂಗಾಂಬಿಕಾ..."

"ಏನಿದ್ರೂ ಆಮ್ಯಾಲ ಹೇಳ್ರಿ. ಈಗ ಮೀಟಿಂಗ್ ನಡದೈತಿ."

"ಆಮ್ಯಾಲ ನಂಗ ಧೈರ್ಯ ಇರಂಗಿಲ್ರಿ!"

ಮೇಡಂ ತಡೆಯುವ ಮೊದಲೇ ಅವಳು ಒಂದೇ ಉಸಿರಿಗೆ ಹೇಳಿದಳು.

"ಕುಡ್ಲಿಗಿ ಏಜೆಂಟರು ಒಂದು ಸೋಮವಾರನೂ ತಪ್ಪಿಸಿಲ್ಲ. ಮ್ಯಾನೇಜರ್ ಸರ್ ಖಾಲಿ ಹಾಳಿ ಕೊಟ್ರು, ನಾನು ಹೆದರಿ ಸಹಿ ಹಾಕಿದೆ. ತಪ್ಪು ನಂದೂ ಐತಿ. ಆದ್ರ ಹಾಜರಿ ಸುಳ್ಳು! ಹೆಸರು ಕೂಗುವಾಗ ನಮ್ಮ ಸೀಮೆ ಏಜೆಂಟರು ಕೇಳಸ್ಕೊಂಡಾರ... ಯಾರಾದ್ರೂ ಹೇಳ್ರಿ..."

ಯಾರೂ ಹೇಳಲಿಲ್ಲ. ಓಬಳೇಶಪ್ಪನನ್ನು ಎದುರು ಹಾಕಿಕೊಳ್ಳುವವರು ಯಾರು?

ಆಗ ಹಡಗಲಿಯ ಹಿರಿಯ ಏಜೆಂಟ್ ಮಾಬುಸಾಬ್ ಕೆಮ್ಮಿದರು.

"ಮೇಡಂ, ನಾನು ಹೇಳ್ತೀನ್ರಿ. ಮೂರೂ ಸೋಮವಾರ ಆ ಹುಡುಗನ ದನಿ ಈ ಕಿವ್ಯಾಗ ಕೇಳೀನಿ. ಹರಪನಹಳ್ಳಿ ಜೋಗಪ್ಪನ ದನಿ ಹೆಂಗೈತಿ ಅಂತ ಮಾತ್ರ ನಂಗ ಇನ್ನೂ ಗೊತ್ತಿಲ್ಲ!"

"ನಾನೂ ಕೇಳೀನ್ರಿ," ಎಂದಿತು ಕೊಟ್ಟೂರಿನ ದನಿ.

ಧಡ್! ಧಡ್!

"ಬಾಗ್ಲು ತಗೀ! ಯಾರ ಜೋಡಿ ಏನು ಮಾತಾಡಾಕತ್ತಿ? ಬಾಗ್ಲು ತಗೀ ಅಂದ್ರ!"

ಚಿಲಕ ಅಲುಗಾಡಿತು. ಅವಳು ಮೇಜನ್ನು ಬಿಗಿಯಾಗಿ ಹಿಡಿದಳು. ಒಮ್ಮೆಲೇ ಫ್ಯಾನು ನಿಂತಿತು, ಪರದೆ ಕಪ್ಪಾಯಿತು. ಹೊರಗಿನಿಂದ ಅವನು ಫ್ಯೂಸ್ ಕಿತ್ತಿದ್ದ!

ಮೇಡಂ ಎಲ್ಲಾ ಕೇಳಿಸಿಕೊಂಡರೋ? ಕೇಳಿದರೂ ನಂಬಿದರೋ? ಏನೂ ತಿಳಿಯದು. ಬಾಗಿಲ ಮೇಲೆ ಏಟು ಬೀಳುತ್ತಲೇ ಇತ್ತು. "ನಿನ್ನ ಮಾನ ಬೀದಿಗೆ ತರದಿದ್ರ ಕೇಳು!"

ಅವ್ವಾ... ಎಂದು ಅವಳು ಕಣ್ಣು ಮುಚ್ಚಿದಳು.

ಟ್ರಿಂಗ್... ಟ್ರಿಂಗ್...

ಫೋನಿಗೆ ಕರೆಂಟಿನ ಹಂಗಿರಲಿಲ್ಲ. ಎತ್ತಿದರೆ ಮೇಡಂ ದನಿ!

"ಗಂಗಾಂಬಿಕಾ, ಎಲ್ಲಾ ಕೇಳೀವಿ. ಅವರು ಕೂಗಾಡೋದೂ ಈಗ ಕೇಳಸಾಕತ್ತೈತಿ. ಬಾಗ್ಲು ತೆಗೆದು ಅವರ ಕೈಗೆ ಫೋನ್ ಕೊಡ್ರಿ. ನಾನು ಲೈನ್ ಬಿಡಂಗಿಲ್ಲ."

ಅವಳು ಚಿಲಕ ತೆಗೆದಳು. ಕೈ ಎತ್ತಿಕೊಂಡೇ ಒಳಗೆ ನುಗ್ಗಿದವನ ಮುಂದೆ ರಿಸೀವರ್ ಹಿಡಿದಳು.

"ಹುಬ್ಬಳ್ಳಿ ಮೇಡಂ, ಸರ್."

ಎತ್ತಿದ ಕೈ ಹಾಗೇ ಇಳಿಯಿತು. "ಹಲೋ... ಮೇಡಂ... ಹಂಗಲ್ರಿ ಮೇಡಂ..." ಓಬಳೇಶಪ್ಪನ ದನಿ ಅಷ್ಟು ಸಣ್ಣದಾಗಬಲ್ಲದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅವನನ್ನು ಅಂದೇ ಹುಬ್ಬಳ್ಳಿಗೆ ಕರೆಸಿದರು. ಅರುಣನ ಏಜೆನ್ಸಿ ಅವನಿಗೇ ಮರಳಿತು. ಅವಳಿಗೂ ಮೇಡಂ ಒಂದು ಮಾತು ಹೇಳಿದರು: "ನೀವು ಹಾಕಿದ ಸಹಿ ಸಣ್ಣ ತಪ್ಪಲ್ಲ. ಹದಿನೈದು ದಿನ ಮನ್ಯಾಗಿರ್ರಿ. ಆಮ್ಯಾಲ ನೋಡೋಣ."

ಮಧ್ಯಾಹ್ನ ಅವಳು ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತಿದ್ದಳು. ಅವನಿಗೆ ಫೋನ್ ಮಾಡಲೇ? ಮಾಡಿ ಏನೆನ್ನಲಿ? ಕ್ಷಮಿಸುತ್ತಾನೆಯೇ?

"ಮಾಬುಸಾಬ್ ಚಾಚಾ ಫೋನ್ ಮಾಡಿದ್ರು."

ತಲೆಯೆತ್ತಿದಳು. ಅರುಣ! ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿದ್ದವು.

"ನೀವು ಹೇಳಿದ್ದನ್ನ ಒಂದಕ್ಷರ ಬಿಡದಂಗ ಹೇಳಿದ್ರು. ಕೇಳ್ತಾ ಕೇಳ್ತಾ ಅಂಗಡ್ಯಾಗ ನಿಂತೇ ಅತ್ತುಬಿಟ್ಟೆ ನಾನು. ಅವತ್ತ ಫೋನಿನಾಗ ನಿಮಗ ಒಂದು ಮಾತೂ ಆಡಾಕ ಬಿಡ್ಲಿಲ್ಲ..."

"ನೀವು ಅಂದಿದ್ದರಾಗ ಸುಳ್ಳೇನಿತ್ರಿ? ಸಹಿ ನಂದ ಅಲ್ಲೇನು?" ಅವಳ ಕಣ್ಣೀರು ಉಕ್ಕಿತು. "ಮೊದಲನೇ ದಿನಾನ ನಿಮಗ ಹೇಳಬೇಕಿತ್ತು. ಹೆದರಿದೆ... ಭಾಳ ಹೆದರಿದೆ."

ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಇಬ್ಬರ ನಡುವೆ ಅವಳ ಊಟದ ಡಬ್ಬಿ.

"ನಾನೂ ಹೆದರಿದ್ನಿ. ಏಜೆನ್ಸಿ ಹೋತು ಅಂತಲ್ಲ... ಸೋಮವಾರ ನಿಮ್ಮ ದನಿ ಕೇಳಂಗಿಲ್ಲಲ್ಲ ಅಂತ."

ಕೊಟ್ಟೂರಿನ ಬಸ್ಸು ಬಂದು ನಿಂತಿತು. ಅವಳು ಎದ್ದಳು, ಅವನೂ ಎದ್ದ.

"ನೀವೆಲ್ಲಿಗ್ರಿ?"

"ಕೊಟ್ಟೂರಿಗೆ. ನಿಮ್ಮವ್ವಾರನ್ನ ಕಾಣಬೇಕು. ನಿಮ್ಮ ಪಕ್ಕ ಕೂರಂಗಿಲ್ಲ, ಹಿಂದಿನ ಸೀಟಿನಾಗ ಕೂರ್ತೀನಿ. ಯಾರೂ ಏನೂ ಅನ್ನಬಾರದು."

"ಅವ್ವನ ಮುಂದ ಏನಂತೀರಿ?"

"ನಿಮ್ಮ ಮಗಳನ್ನ ಕೊಡ್ರಿ ಅಂತೀನಿ." ಅವನ ದನಿ ತಗ್ಗಿತು. "ಆದ್ರ ಮೊದಲು ನಿನ್ನ ಕೇಳ್ತೀನಿ, ಗಂಗಾ. ಕೇಳಲೇನು?"

ಮೊದಲ ಬಾರಿಗೆ 'ನಿನ್ನ' ಅಂದಿದ್ದ! ಅವಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು.

"ನನ್ನ ಹೆದರಿಕಿ ಇನ್ನೂ ಹೋಗಿಲ್ಲ ಅರುಣ."

"ಇರ್ಲಿ ಬಿಡು. ನಂದೂ ಹೋಗಿಲ್ಲ."

ಅವಳು ಕಣ್ಣೊರೆಸಿಕೊಂಡು, ನೆಲ ನೋಡುತ್ತಾ, ಅವನಿಗಷ್ಟೇ ಕೇಳುವಂತೆ ಹೇಳಿದಳು:

"ಹೂಂ... ಕೇಳು ಅಂತಲ್ಲ. ನೀ ಕೇಳೋ ಮಾತಿಗೇ, ಹೂಂ."