ಸುಣ್ಣ ಕುಡಿದ ನೀರು

ಬಹಳ ಬಹಳ ಹಿಂದೆ, ನರಿಗಳೂ ಪಂಚಾಯಿತಿಗೆ ಕೂತು ನ್ಯಾಯ ಹೇಳುತ್ತಿದ್ದ ಕಾಲದಲ್ಲಿ, ತೊರೆನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿ ಸುಣ್ಣ ಸುಡುವ ದ್ಯಾವವ್ವ, ಅವಳ ಸೊಸೆ ಮಲ್ಲಾಜಿ ಇದ್ದರು. ದ್ಯಾವವ್ವನ ಬಾಯಿ ಅಂದರೆ ಬಾಯಿ! ಕೋಳಿ ಕೂಗುವ ಮೊದಲೇ ಸೊಸೆಗೆ ಬೈಗುಳ ಶುರು. ಆದರೆ ತಾಯಿಯಿಲ್ಲದ ಆ ಹುಡುಗಿಗೆ ತಲೆ ಬಾಚಿದವಳೂ ಅವಳೇ, ಕಸುಬು ಕಲಿಸಿದವಳೂ ಅವಳೇ.

ಬೆಟ್ಟದ ಮೇಲೆ ಮಂಜುಮಾರನೆಂಬ ಮಾಟಗಾರನಿದ್ದ. ಅವನ ಮೈಯೆಲ್ಲ ಬರೀ ಮಂಜು. ಒಮ್ಮೆ ಅವನ ಅರಮನೆಯ ಗೋಡೆಗೆ ಸುಣ್ಣ ಬಳಿಯಲು ಅತ್ತೆ ಸೊಸೆ ಹೋದರು.

"ಇದೇನಯ್ಯಾ, ಅರಮನೆಯೋ ಹಂದಿಗೂಡೋ?" ಎಂದುಬಿಟ್ಟಳು ದ್ಯಾವವ್ವ.

ಮಾಟಗಾರನಿಗೆ ರೇಗಿತು. "ನೀರಾಗಿ ಹೋಗು!" ಎಂದ. ಮುದುಕಿ ನಿಂತಲ್ಲೇ ನೀರಾದಳು. ಮಲ್ಲಾಜಿ "ಅಯ್ಯೋ ಅತ್ತೇ!" ಎಂದು ಕಿರುಚಿ, ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ ಚೆಂಬು ಒಡ್ಡಿದಳು.

"ಮೂರು ಪರೀಕ್ಷೆ ಒಡ್ಡುತ್ತೇನೆ," ಎಂದ ಮಂಜುಮಾರ. "ಮೂರೂ ಮುಗಿದ ಮೇಲೆ ಚೆಂಬಿನಲ್ಲಿ ನೀರಿದ್ದರೆ ನಿನ್ನತ್ತೆ ನಿನಗೆ. ಇಲ್ಲವೋ, ಅವಳ ಆಸೆ ಬಿಡು."

ಮೊದಲು ಅವನು ಉಫ್ ಎಂದು ಊದಿದ. ನೀರು ಗಟ್ಟಿಯಾಯಿತು. "ನೋಡು, ಕಲ್ಲಾದಳು. ಇನ್ನೆಲ್ಲಿಯ ಅತ್ತೆ? ಮನೆಗೆ ಹೋಗು."

"ಚಳಿಗೆ ಹೆಪ್ಪುಗಟ್ಟಿದ ತುಪ್ಪಾನೂ ತುಪ್ಪವೇ ಅಲ್ವೇನಯ್ಯಾ?" ಎಂದು ಮಲ್ಲಾಜಿ ಬಿಸಿಲಲ್ಲಿ ಕೂತು, ಚೆಂಬನ್ನು ಮಡಿಲಲ್ಲಿಟ್ಟುಕೊಂಡಳು. ಮಧ್ಯಾಹ್ನದ ಹೊತ್ತಿಗೆ ನೀರು ನೀರೇ ಆಯಿತು.

ಆಮೇಲೆ ಅವನು ಬೆಂಕಿಹಕ್ಕಿಯನ್ನು ಕರೆದ. ಅದು ರೆಕ್ಕೆಯಿಂದ ಚೆಂಬನ್ನು ತಬ್ಬಿತು. ನೀರು ಕೊತಕೊತ ಕುದಿಯತೊಡಗಿತು. ಮಲ್ಲಾಜಿ ಅಡುಗೆಮನೆಗೆ ಓಡಿ ಹರಿವಾಣ, ಬೋಗುಣಿ ತಂದಳು. ಹಕ್ಕಿಯ ರೆಕ್ಕೆಯಿಂದ ಚೆಂಬನ್ನು ಸೆಳೆದು ಹರಿವಾಣದಲ್ಲಿಟ್ಟು, ಮೇಲೆ ಬೋಗುಣಿ ಬೋರಲು ಹಾಕಿದಳು.

"ಆವಿಯಾಗಿ ಹೋದಳಲ್ಲ!" ಎಂದು ನಕ್ಕ ಮಾಟಗಾರ.

"ಕಡುಬು ಬೇಯಿಸಿದವಳಿಗೆ ಹೇಳ್ತೀಯಾ?" ಎಂದಳು ಮಲ್ಲಾಜಿ. ಬೋಗುಣಿ ಆರಿದಾಗ ಅದರ ಒಳಗೆಲ್ಲ ಹನಿ ಹನಿ. ಒಂದೊಂದನ್ನೂ ಬೆರಳಿನಿಂದ ಸವರಿ ಚೆಂಬಿಗೆ ಬಿಟ್ಟಳು.

ಮಂಜುಮಾರನ ದನಿ ಬೆಣ್ಣೆಯಾಯಿತು. "ಸೋತೆ ಕಣಮ್ಮ. ಪಾಪ, ಮುದುಕಿಗೆ ಚಳಿ. ಈ ಬುಟ್ಟಿಯ ಬಿಳಿ ಕಲ್ಲುಗಳ ಮೇಲೆ ಸುರಿ. ಬೆಂಕಿಯಿಲ್ಲದೆ ಬಿಸಿಯಾಗಿ ಎದ್ದು ಬರ್ತಾಳೆ."

ದಣಿದಿದ್ದ ಮಲ್ಲಾಜಿ ಇನ್ನೇನು ಚೆಂಬು ಬಗ್ಗಿಸುವುದರಲ್ಲಿದ್ದಳು. ಅಷ್ಟರಲ್ಲಿ ಕಲ್ಲುಗಳ ಮೇಲೆ ಕಣ್ಣು ಬಿತ್ತು. ಸುಟ್ಟ ಸುಣ್ಣದ ಕಲ್ಲು! ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಅಂಥ ಕಲ್ಲಿನ ಮೇಲೆ ಬಿಂದಿಗೆ ನೀರು ಸುರಿದು, ಕುದಿ ಇಳಿದ ಮೇಲೆ ಮತ್ತೆ ಬಿಂದಿಗೆಗೆ ತುಂಬಿಕೊಳ್ಳೋಣವೆಂದು ಕಾದು ಕೂತಿದ್ದಳು. ದ್ಯಾವವ್ವ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. "ಅದು ಬರೀ ಕುದಿಯೋದಲ್ಲ ಕಣೇ ಪೆದ್ದಿ! ನೀರೂ ಕಲ್ಲೂ ಸೇರಿ ಬೇರೆಯದೇ ಆಗೋಯ್ತು. ಮೊಸರಾದ ಹಾಲು, ಸುಣ್ಣ ಕುಡಿದ ನೀರು ತಿರುಗಿ ಬರ್ತಾವೇನೇ?"

ಮಲ್ಲಾಜಿ ಸರಕ್ಕನೆ ಹಿಂದೆ ಸರಿದಳು. ಚೆಂಬನ್ನು ಎದೆಗವಚಿಕೊಂಡಳು. ಇನ್ನೊಂದು ಕೈಯಲ್ಲಿ ಬುಟ್ಟಿಯೆತ್ತಿ, "ನೀನೇ ಬಿಸಿಯಾಗು ಹೋಗು!" ಎಂದು ಮಂಜಿನ ಮೈಯೊಳಕ್ಕೆ ಎಸೆದಳು.

ಭುಸ್ಸೆಂದು ಸದ್ದಾಯಿತು. ಕಲ್ಲುಗಳು ಮಂಜುಮಾರನನ್ನು ಪೂರ್ತಿ ಕುಡಿದು ಬಿರಿದವು. ಉಳಿದದ್ದು ಒಂದು ರಾಶಿ ಬಿಳಿ ಹಿಟ್ಟು. ಯಾವ ಚಳಿಗೂ ಅವನು ಮತ್ತೆ ಮಂಜಾಗಲಿಲ್ಲ.

ಮಾಟ ಮುರಿಯಿತು. ಚೆಂಬು ಕೈಜಾರಿತು. ಎದುರಿಗೆ ತೊಯ್ದು ತೊಪ್ಪೆಯಾದ ಸೀರೆಯಲ್ಲಿ ದ್ಯಾವವ್ವ ನಿಂತಿದ್ದಳು. ಮಲ್ಲಾಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಲ್ಲಾಗಿ, ಆವಿಯಾಗಿ ಬಂದವಳು ಹಳೆಯ ಅತ್ತೆಯೇ ಹೌದೋ ಅಲ್ಲವೋ?

ದ್ಯಾವವ್ವ ಕಣ್ಣು ಕೆಕ್ಕರಿಸಿದಳು. "ಸುಣ್ಣದ ಹತ್ತಿರ ಮುಖ ತರಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ? ಕಣ್ಣಿಗೆ ಸಿಡಿದಿದ್ರೆ ಏನೇ ಗತಿ, ಮೂದೇವಿ!"

"ಅಬ್ಬಾ! ನಮ್ಮತ್ತೇನೇ!" ಎಂದು ಮಲ್ಲಾಜಿ ಅವಳ ಕೊರಳಿಗೆ ಬಿದ್ದು ಗಳಗಳ ಅತ್ತಳು. ಮುದುಕಿ ಬೈಯುತ್ತಲೇ ಸೊಸೆಯ ಕಣ್ಣೊರೆಸಿದಳು.

ಆ ಬಿಳಿ ಹಿಟ್ಟನ್ನು ಕಲಸಿ ತೊರೆನಾಡಿನ ಮನೆಮನೆಗೂ ಬಳಿದರು. ಊರೆಲ್ಲ ಬೆಳಗಿತು, ಎಲ್ಲರೂ ಸುಖವಾಗಿದ್ದರು. ದ್ಯಾವವ್ವನ ಬೈಗುಳ ಮಾತ್ರ ಒಂದು ಹನಿಯೂ ಕಡಿಮೆಯಾಗಲಿಲ್ಲ. ಅದನ್ನು ಕೇಳಿದಾಗಲೆಲ್ಲ ಮಲ್ಲಾಜಿಗೆ ಜೀವಕ್ಕೆ ತಂಪು.